ಪಿತ್ತನಾಳದ ಕ್ಯಾನ್ಸರ್: ಒಂದು ಔಷಧಕ್ಕಿಂತ ಎರಡು ಮೇಲು ಅಂತ ಗೊತ್ತಾಗಿದ್ದು ಹೇಗೆ?

[ಪರದೆ ಮೇಲೆ: ಲಿವರ್, ಪಿತ್ತಕೋಶ, ಪಿತ್ತನಾಳದ ಚಿತ್ರ]

ನಮಸ್ಕಾರ. ಲಿವರ್‌ನಲ್ಲಿ ತಯಾರಾಗುವ ಪಿತ್ತರಸ ಕರುಳಿಗೆ ಬರುವುದು ಒಂದು ಸಣ್ಣ ಕೊಳವೆಯ ಮೂಲಕ. ಅದೇ ಪಿತ್ತನಾಳ. ಅಲ್ಲಿ ಗಡ್ಡೆ ಬೆಳೆದರೆ ಮೊದಮೊದಲು ಏನೂ ಗೊತ್ತಾಗುವುದಿಲ್ಲ. ದಾರಿ ಕಟ್ಟಿಕೊಂಡ ಮೇಲೆ ಕಣ್ಣು ಹಳದಿಯಾಗುತ್ತದೆ, ಮೂತ್ರದ ಬಣ್ಣ ಗಾಢವಾಗುತ್ತದೆ, ಮೈಯೆಲ್ಲ ತುರಿಕೆ ಶುರುವಾಗುತ್ತದೆ. ಕಾಮಾಲೆ ತಾನೇ ಅಂತ ಸೊಪ್ಪಿನ ಔಷಧಿ ಕುಡಿದುಕೊಂಡು ವಾರಗಟ್ಟಲೆ ಕಳೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಂದು ಸ್ಕ್ಯಾನ್ ಮಾಡಿಸಿ. ಕಾಯಿಲೆ ಗೊತ್ತಾಗುವ ಹೊತ್ತಿಗೆ ಬಹಳ ಜನರಲ್ಲಿ ಆಪರೇಷನ್ನಿನ ಹಂತ ದಾಟಿರುತ್ತದೆ. ಆಮೇಲೆ ಉಳಿಯುವುದು ಕೀಮೋ.

ಯಾವ ಕೀಮೋ? ಇಪ್ಪತ್ತೈದು ವರ್ಷದ ಹಿಂದೆ ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಇರಲಿಲ್ಲ. ಅಪರೂಪದ ಕ್ಯಾನ್ಸರ್ ಆದ್ದರಿಂದ ಒಂದೊಂದು ಕಡೆ ಬೆರಳೆಣಿಕೆಯ ರೋಗಿಗಳ ಮೇಲೆ ಸಣ್ಣ ಸಣ್ಣ ಅಧ್ಯಯನ ನಡೆದಿದ್ದವು ಅಷ್ಟೇ. ಜೆಮ್‌ಸಿಟಬೀನ್ ಅನ್ನುವ ಔಷಧ ಸ್ವಲ್ಪ ಕೆಲಸ ಮಾಡುತ್ತದೆ ಅಂತ ಕಾಣುತ್ತಿತ್ತು. ಅದರ ಜೊತೆ ಸಿಸ್‌ಪ್ಲಾಟಿನ್ ಸೇರಿಸಿದರೆ ಇನ್ನೂ ಒಳ್ಳೆಯದಾ? ಅಥವಾ ಸುಮ್ನೆ ಇನ್ನಷ್ಟು ವಾಂತಿ, ಸುಸ್ತು ಮಾತ್ರವಾ?

[ಪರದೆ ಮೇಲೆ: ಬ್ರಿಟನ್ ನಕ್ಷೆ, ಮ್ಯಾಂಚೆಸ್ಟರ್ ಗುರುತು]

ಇದನ್ನು ಸರಿಯಾಗಿ ಪರೀಕ್ಷೆ ಮಾಡಿದ್ದು ಬ್ರಿಟನ್ನಿನ ವೈದ್ಯರು. ಮುಂದೆ ನಿಂತವರು ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಹುವಾನ್ ವಾಯೆ. 2002ರಲ್ಲಿ ಎಬಿಸಿ-01 ಅನ್ನುವ ಪ್ರಯೋಗ ಶುರುವಾಯಿತು, 86 ರೋಗಿಗಳು. ಕೆಲವರಿಗೆ ಜೆಮ್‌ಸಿಟಬೀನ್ ಒಂದೇ, ಉಳಿದವರಿಗೆ ಎರಡೂ. ಎರಡು ಔಷಧ ಪಡೆದವರಲ್ಲಿ ಕಾಯಿಲೆ ಹತೋಟಿಯಲ್ಲಿ ಉಳಿಯುವ ಕಾಲ ಜಾಸ್ತಿ ಅಂತ ಕಂಡಿತು. ಆದರೆ 86 ಜನ ಸಾಲದು, ಅಷ್ಟು ವ್ಯತ್ಯಾಸ ಅದೃಷ್ಟದಿಂದಲೂ ಬರಬಹುದು. ಆಗ ಅವರು ತುಂಬಾ ಒಳ್ಳೆಯ ಕೆಲಸ ಮಾಡಿದರು. ಹೊಸದಾಗಿ ಶುರು ಮಾಡಲಿಲ್ಲ, ಅದನ್ನೇ ಮುಂದುವರಿಸಿದರು. ಇನ್ನೂ 324 ಜನ ಸೇರಿದರು. ಒಟ್ಟು 410 ರೋಗಿಗಳು, 37 ಆಸ್ಪತ್ರೆಗಳು. ಇದೇ ಎಬಿಸಿ-02. ಅಪರೂಪದ ಕಾಯಿಲೆಯಲ್ಲಿ ಇಷ್ಟು ಜನರನ್ನು ಸೇರಿಸುವುದಕ್ಕೆ 2008ರವರೆಗೆ ಕಾಯಬೇಕಾಯಿತು.

ಯಾರಿಗೆ ಯಾವ ಚಿಕಿತ್ಸೆ ಅಂತ ಇಲ್ಲಿ ಡಾಕ್ಟರ್ ಆರಿಸುವ ಹಾಗಿಲ್ಲ, ರೋಗಿಯೂ ಆರಿಸುವ ಹಾಗಿಲ್ಲ. ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ಕೇಳಿದಾಗ ಕಷ್ಟ ಅನಿಸುತ್ತದೆ, ಅಲ್ವಾ? ಆದರೆ ಡಾಕ್ಟರೇ ಆರಿಸಿದ್ದರೆ ಗಟ್ಟಿಮುಟ್ಟಾಗಿರುವವರಿಗೆ ಎರಡು ಔಷಧ, ಸೋತವರಿಗೆ ಒಂದು ಅಂತ ಆಗುತ್ತಿತ್ತು. ಕೊನೆಗೆ ಎರಡು ಔಷಧದವರು ಜಾಸ್ತಿ ದಿನ ಬದುಕಿದರೆ ಅದು ಔಷಧದಿಂದಲೋ, ಅವರ ಮೈಕಸುವಿನಿಂದಲೋ? ಹೇಳುವುದಕ್ಕೇ ಆಗುತ್ತಿರಲಿಲ್ಲ.

[ದೃಶ್ಯ: ಡೇ ಕೇರ್ ವಾರ್ಡ್, ಕುರ್ಚಿ ಪಕ್ಕದಲ್ಲಿ ಡ್ರಿಪ್ ಸ್ಟ್ಯಾಂಡ್]

ಎರಡು ಔಷಧದ ಗುಂಪಿನವರ ಒಂದು ದಿನ ಹೀಗೆ. ರಕ್ತ ಪರೀಕ್ಷೆ ಸರಿ ಇದ್ದರೆ ಕೈಗೆ ಡ್ರಿಪ್. ಮೊದಲು ಸಿಸ್‌ಪ್ಲಾಟಿನ್, ಸಲೈನ್ ಜೊತೆ ಸುಮಾರು ಒಂದು ಗಂಟೆ. ಈ ಔಷಧ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಅದಕ್ಕೇ ಅಷ್ಟು ನೀರು. ಆಮೇಲೆ ಅರ್ಧ ಗಂಟೆ ಜೆಮ್‌ಸಿಟಬೀನ್. ಮೂರು ವಾರದ ಸೈಕಲ್‌ನಲ್ಲಿ ಒಂದನೇ ದಿನ, ಎಂಟನೇ ದಿನ. ಸಿಸ್‌ಪ್ಲಾಟಿನ್ ಪ್ರಮಾಣ ಮೈ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ 25 ಮಿಲಿಗ್ರಾಂ. ಬೇರೆ ಕ್ಯಾನ್ಸರ್‌ಗಳಲ್ಲಿ ಒಂದೇ ಸಲಕ್ಕೆ ಇದರ ಮೂರು ಪಟ್ಟು ಕೊಡುವುದೂ ಉಂಟು. ಇಲ್ಲಿ ಬೇಕೆಂದೇ ಕಮ್ಮಿ ಮಾಡಿ, ಹಂಚಿ ಕೊಟ್ಟರು. ನನ್ನ ಪ್ರಕಾರ ಈ ಚಿಕಿತ್ಸೆ ನಿಂತಿರುವುದೇ ಈ ಜಾಣತನದ ಮೇಲೆ.

[ಪರದೆ ಮೇಲೆ: 8.1 ತಿಂಗಳು — 11.7 ತಿಂಗಳು]

ಫಲಿತಾಂಶ 2010ರ ಏಪ್ರಿಲ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಜೆಮ್‌ಸಿಟಬೀನ್ ಒಂದೇ ಪಡೆದವರ ಮಧ್ಯಮ ಆಯಸ್ಸು 8.1 ತಿಂಗಳು. ಎರಡೂ ಪಡೆದವರದ್ದು 11.7 ತಿಂಗಳು.

ಇಲ್ಲಿ ಸ್ವಲ್ಪ ನಿಲ್ಲೋಣ. 11.7 ಅಂದರೆ ನಿಮ್ಮ ಮನೆಯವರಿಗೆ ಉಳಿದಿರುವುದು 11.7 ತಿಂಗಳು ಅಂತ ಅಲ್ಲವೇ ಅಲ್ಲ. ಆ ಹೊತ್ತಿಗೆ ಗುಂಪಿನಲ್ಲಿ ಅರ್ಧದಷ್ಟು ಜನ ಇನ್ನೂ ಇದ್ದರು ಅಂತ. ಕೆಲವರು ಅದಕ್ಕಿಂತ ಬಹಳ ಮುಂದೆ ಹೋಗುತ್ತಾರೆ, ಕೆಲವರು ಅಲ್ಲಿಗೆ ತಲುಪುವುದಿಲ್ಲ. ಮೂರೂವರೆ ತಿಂಗಳಿಗೆ ಇಷ್ಟೆಲ್ಲಾ ಬೇಕಾ ಅಂತ ಹೊರಗಿನವರು ಕೇಳಬಹುದು. ಮಗಳ ಮದುವೆ ಮುಂದಿನ ಚೈತ್ರಕ್ಕೆ ಇದೆ ಅನ್ನುವ ಅಪ್ಪ ಹಾಗೆ ಕೇಳುವುದಿಲ್ಲ.

ಅಡ್ಡ ಪರಿಣಾಮ? ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ತೀರಾ ಇಳಿದವರು ಎರಡು ಔಷಧದ ಗುಂಪಿನಲ್ಲಿ ಜಾಸ್ತಿ. ಆದರೆ ಲಿವರ್ ಪರೀಕ್ಷೆ ತೀವ್ರವಾಗಿ ಏರುಪೇರಾದವರು ಒಂದೇ ಔಷಧದ ಗುಂಪಿನಲ್ಲೇ ಜಾಸ್ತಿ: ಶೇ. 27, ಇನ್ನೊಂದು ಕಡೆ ಶೇ. 17. ಔಷಧ ಹೆಚ್ಚಾದರೂ ಲಿವರ್‌ಗೆ ತೊಂದರೆ ಕಮ್ಮಿ ಆಗಿದ್ದು ಹೇಗೆ? ಬಹುಶಃ ಗಡ್ಡೆ ಹತೋಟಿಯಲ್ಲಿದ್ದರೆ ಪಿತ್ತ ಹರಿಯುವ ದಾರಿ ಕಟ್ಟಿಕೊಳ್ಳುವುದು ಕಮ್ಮಿ ಅನ್ನುವ ಕಾರಣಕ್ಕೆ.

ಜಪಾನಿನಲ್ಲೂ ಇದೇ ಜೋಡಿಯನ್ನು ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಿದರು. ಅಲ್ಲಿ 7.7 ಮತ್ತು 11.2 ತಿಂಗಳು. ಬೇರೆ ದೇಶ, ಬೇರೆ ಜನ, ಹೆಚ್ಚುಕಮ್ಮಿ ಅದೇ ಅಂತರ. ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಗಂಗಾ ಬಯಲಿನಲ್ಲಿ ಪಿತ್ತಕೋಶದ ಕ್ಯಾನ್ಸರ್ ತುಂಬಾ ಜಾಸ್ತಿ. ದಿಲ್ಲಿಯ ಏಮ್ಸ್ ವೈದ್ಯರು ಅಂಥ 81 ರೋಗಿಗಳಲ್ಲಿ ಜೆಮ್‌ಸಿಟಬೀನ್ ಜೊತೆ ಸಿಸ್‌ಪ್ಲಾಟಿನ್ ಜಾತಿಯದೇ ಆದ ಆಕ್ಸಾಲಿಪ್ಲಾಟಿನ್ ಕೊಟ್ಟು ನೋಡಿದರು. ಕೀಮೋ ಇಲ್ಲದೆ ಬರೀ ಆರೈಕೆ ಪಡೆದವರಲ್ಲಿ 4.5 ತಿಂಗಳು, ಈ ಜೋಡಿ ಪಡೆದವರಲ್ಲಿ 9.5. ಅದೂ ಪ್ರಕಟವಾಗಿದ್ದು 2010ರಲ್ಲೇ.

[ಪರದೆ ಮೇಲೆ: ಎರಡರ ಜೊತೆ ಮೂರನೆಯದು?]

ಹಾಗಾದರೆ ಮೂರನೇ ಔಷಧ ಸೇರಿಸಿದರೆ? ಅಮೆರಿಕದಲ್ಲಿ ಪ್ಯಾಕ್ಲಿಟ್ಯಾಕ್ಸೆಲ್‌ನ ಒಂದು ಹೊಸ ರೂಪ ಸೇರಿಸಿ 441 ರೋಗಿಗಳಲ್ಲಿ ನೋಡಿದರು. ಮೂರು ಔಷಧ ಎರಡಕ್ಕಿಂತ ಮೇಲು ಅಂತ ಸಾಬೀತಾಗಲಿಲ್ಲ, ತೊಂದರೆ ಮಾತ್ರ ಜಾಸ್ತಿ ಆಯಿತು. ಕೆಲಸ ಮಾಡಿದ್ದು ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ಜೊತೆ ಹೋರಾಡುವ ಹಾಗೆ ಮಾಡುವ ಚಿಕಿತ್ಸೆ. ಜೆಮ್‌ಸಿಟಬೀನ್-ಸಿಸ್‌ಪ್ಲಾಟಿನ್ ಜೋಡಿಗೆ ಡರ್ವಾಲುಮ್ಯಾಬ್ ಅನ್ನುವ ಅಂಥ ಔಷಧ ಸೇರಿಸಿದಾಗ ಎರಡು ವರ್ಷದ ನಂತರವೂ ಬದುಕಿದ್ದವರು ನೂರಕ್ಕೆ ಸುಮಾರು 25. ಸೇರಿಸದವರಲ್ಲಿ 10.

ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳಿ: ಕೀಮೋಗೆ ಮೊದಲು ಕಾಮಾಲೆ ಇಳಿಸಲು ಸ್ಟೆಂಟ್ ಬೇಕಾ? ಸಿಸ್‌ಪ್ಲಾಟಿನ್ ತಡೆಯುವಷ್ಟು ಕಿಡ್ನಿ ಚೆನ್ನಾಗಿದೆಯಾ? ಬಯಾಪ್ಸಿ ತುಣುಕಿನಲ್ಲಿ ಜೀನ್ ಪರೀಕ್ಷೆ ಮಾಡಿಸಬಹುದಾ? ಕೈ ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್ ಅನ್ನುವುದು ಶುರುವಾದರೆ ಮುಂದಿನ ಡ್ರಿಪ್‌ವರೆಗೆ ಕಾಯದೆ ಹೇಳಿ. ಚಳಿ ಜ್ವರ ಬಂದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.