ಒತ್ತು ಅಂದರೆ ಜೋರಲ್ಲ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಕೀಬೋರ್ಡ್ ಅಥವಾ ಪಾಶ್ಚಾತ್ಯ ವಯೊಲಿನ್ ಕಲಿಯುವ ಮಕ್ಕಳಿದ್ದರೆ ರೇಡಿಯೊ ಹತ್ತಿರ ಕೂರಿಸಿಕೊಳ್ಳಿ.

ಪಾಠದ ಪುಸ್ತಕದಲ್ಲಿ ಸ್ವರದ ಕೆಳಗೆ ‘ಎಸ್‌ಎಫ್’ ಅಂತ ಇರುತ್ತದಲ್ಲ, ಅದು ಸ್ಫೊರ್ಟ್ಸಾಂಡೊ. ಇಟಾಲಿಯನ್ನಿನಲ್ಲಿ ‘ಬಲ ಹಾಕುತ್ತಾ’ ಎಂದರ್ಥ. ಕಂಡ ಕೂಡಲೇ ಮಕ್ಕಳು ಕೀಲಿಯನ್ನು ಗುದ್ದುತ್ತಾರೆ. ಗುದ್ದಬೇಡಿ. ಒತ್ತು ಅಂದರೆ ಜೋರಲ್ಲ. ದನಿಯ ಜೋರಿನಲ್ಲಿ ಅಕ್ಕಪಕ್ಕದ ಸ್ವರಗಳಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ಸುತ್ತಲೂ ಮೆಲುದನಿಯಿದ್ದರೆ ಆ ಒಂದು ಸ್ವರ ಮಧ್ಯಮ ದನಿಗೆ ಏರಿದರೆ ಸಾಕು. ಮರುಸ್ವರ ಮತ್ತೆ ಮೆಲ್ಲಗೆ.

ಸಂಗೀತ ರಚನಕಾರ ಹೈಡನ್ ಅವರ 94ನೇ ಸಿಂಫನಿ, ಅಂದರೆ ವಾದ್ಯವೃಂದಕ್ಕೆ ಬರೆದ ಕೃತಿ, ಕೇಳಿ. 1792ರ ಮಾರ್ಚ್ 23ರಂದು ಲಂಡನ್ನಿನಲ್ಲಿ ಮೊದಲು ನುಡಿಸಿದ್ದು. ಎರಡನೇ ಭಾಗದಲ್ಲಿ ಮಗುವೂ ಗುನುಗಬಹುದಾದ ಒಂದು ಧಾಟಿ, ಎಂಟು ಬಾರ್, ಅಂದರೆ ತಾಳದ ಎಂಟು ತುಂಡು, ಮೆಲ್ಲಗೆ. ಅದೇ ಧಾಟಿ ಇನ್ನೊಮ್ಮೆ, ಇನ್ನೂ ಮೆಲ್ಲಗೆ. ಕೆಳಗಿನ ತಂತಿವಾದ್ಯಗಳು ಕಮಾನು ಬಿಟ್ಟು ಬೆರಳಲ್ಲಿ ಮೀಟುತ್ತವೆ. ಹದಿನಾರನೇ ಬಾರಿನಲ್ಲಿ ಇಡೀ ವಾದ್ಯವೃಂದ, ಜೊತೆಗೆ ಟಿಂಪನಿ ಎಂಬ ದೊಡ್ಡ ನಗಾರಿ, ಧಡಾರ್! ನಿದ್ದೆ ಹೋದವರನ್ನು ಎಬ್ಬಿಸಲು ಹೀಗೆ ಮಾಡಿದರು ಅಂತ ಜನ ಹೇಳುತ್ತಾರೆ. ಜೀವನಚರಿತ್ರೆಕಾರ ಗ್ರೀಸಿಂಗರ್ ಇದನ್ನೇ ಕೇಳಿದಾಗ ಹೈಡನ್ ಅಲ್ಲವೆಂದರು: ಹೊಸತೇನಾದರೂ ಕೊಟ್ಟು ಬೆರಗುಗೊಳಿಸಬೇಕಿತ್ತು, ಆಗ ಅದೇ ಊರಿನಲ್ಲಿ ಕಛೇರಿ ನಡೆಸುತ್ತಿದ್ದ ಶಿಷ್ಯ ಪ್ಲೆಯೆಲ್ ತಮ್ಮನ್ನು ಮೀರಿಸಬಾರದಿತ್ತು. ಅಲ್ಲಿ ಬರೆದಿರುವುದು ಫೋರ್ಟಿಸ್ಸಿಮೊ, ಅಂದರೆ ಬಹಳ ಜೋರು; ಸ್ಫೊರ್ಟ್ಸಾಂಡೊ ಅಲ್ಲ. ಆದರೆ ಬೆಚ್ಚಿಬೀಳಿಸುವುದು ಆ ಹೊಡೆತವಲ್ಲ, ಅದಕ್ಕೆ ಮುಂಚಿನ ಹದಿನೈದು ಬಾರಿನ ಮೆಲುದನಿ. ಅದನ್ನು ಕೆಡಿಸಿದರೆ ಹೊಡೆತ ಬರೀ ಗದ್ದಲ.

ಸಮಯ ಕಡಿಮೆ ಉಳಿದಿದೆ, ಪುಸ್ತಕದಲ್ಲಿ ಸಿಗುವ ಇನ್ನು ಕೆಲವು ಸೂಚನೆಗಳನ್ನು ಬೇಗ ಹೇಳಿಬಿಡುತ್ತೇನೆ. ಮಾರ್ಟೆಲ್ಲಾಟೊ, ಸುತ್ತಿಗೆ ಪೆಟ್ಟು: ವಯೊಲಿನ್ನಿನಲ್ಲಿ ಕಮಾನನ್ನು ಮೊದಲು ತಂತಿಗೆ ಕಚ್ಚಿಸಿ ನಿಲ್ಲಿಸಿ, ಎಳೆಯುವ ಕ್ಷಣಕ್ಕೇ ಬಿಗಿ ಬಿಡಿ. ತಡವಾಗಿ ಬಿಟ್ಟರೆ ಕರಕರ ಅನ್ನುತ್ತದೆ. ಫೋರ್ಟೆಪಿಯಾನೊ: ಜೋರಾಗಿ ಹಿಡಿದು ಒಡನೆಯೇ ಮೆಲ್ಲಗೆ. ಬೀಥೊವನ್ ಅವರ ‘ಪಥೆಟಿಕ್’ ಪಿಯಾನೊ ಸೊನಾಟಾ ಶುರುವಾಗುವುದೇ ಅದರಿಂದ. ಒಟ್ಟಿಗೆ ಒತ್ತಿದ ಆ ಸ್ವರಗಳ ದನಿ ತಾನಾಗಿ ಇಳಿಯುವುದನ್ನು ಕಿವಿಯಲ್ಲಿ ಹಿಂಬಾಲಿಸಿ, ಅದು ಇಳಿದ ಮಟ್ಟಕ್ಕೇ ಮುಂದಿನದನ್ನು ಜೋಡಿಸಿ. ಇನ್ನು ಸ್ಟಕಾಟೊ ಚುಕ್ಕೆ ಒತ್ತೇ ಅಲ್ಲ, ಸ್ವರವನ್ನು ಗಿಡ್ಡ ಮಾಡುತ್ತದೆ. ದಯವಿಟ್ಟು ಅದನ್ನೂ ಗುದ್ದಬೇಡಿ.

ಇವತ್ತೇ ಐದು ಸ್ವರ ಮೆಲ್ಲಗೆ ನುಡಿಸಿ, ಮೂರನೆಯದಕ್ಕೆ ಮಾತ್ರ ಒತ್ತು ಕೊಡಿ. ನಾಲ್ಕನೆಯದೂ ಜೋರಾಗಿ ಬಂತೇ? ಕೈ ಇನ್ನೂ ಬಿಗಿಯಾಗಿದೆ. ಮಣಿಕಟ್ಟು ಸಡಿಲಿಸಿ, ಮತ್ತೆ ನುಡಿಸಿ. ನಮಸ್ಕಾರ.