ವಿದೇಶದಲ್ಲಿ ಹಾಸ್ಟೆಲ್: ಕಟ್ಟಡವನ್ನಲ್ಲ, ಹಾಸಿಗೆಯನ್ನು ನೋಡಿ

ಈಗ ಪರದೆಯ ಮೇಲೆ ಕಾಣುತ್ತಿರುವುದು ನಾನು ಉಳಿದುಕೊಂಡಿರುವ ಹಾಸ್ಟೆಲ್‌ನ ಆರು ಹಾಸಿಗೆಗಳ ಡಾರ್ಮ್, ಅಂದರೆ ಪ್ರಯಾಣಿಕರು ಒಂದೊಂದು ಹಾಸಿಗೆಯನ್ನಷ್ಟೇ ಬಾಡಿಗೆಗೆ ಪಡೆದು ಹಂಚಿಕೊಳ್ಳುವ ಕೊಠಡಿ. ಉಳಿದವರೆಲ್ಲ ಹೊರಗೆ ಹೋಗಿರುವ ಹೊತ್ತು ನೋಡಿಕೊಂಡೇ ಚಿತ್ರೀಕರಿಸುತ್ತಿದ್ದೇನೆ, ಏಕೆಂದರೆ ಮಲಗಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಸಭ್ಯತೆಯಲ್ಲ. ಒಂದರ ಮೇಲೊಂದಿರುವ ಮಂಚಗಳಲ್ಲಿ (ಬಂಕ್) ಮೂಲೆಯ ಕೆಳಗಿನದು ನನ್ನದು. ಸ್ವಲ್ಪ ಹತ್ತಿರದಿಂದ ನೋಡಿ: ತಲೆಯ ಕಡೆ ಒಂದು ಪುಟ್ಟ ದೀಪ, ಪಕ್ಕದಲ್ಲೇ ಪ್ಲಗ್ ಪಾಯಿಂಟ್, ಫೋನ್ ಮತ್ತು ಕನ್ನಡಕ ಇಡುವಷ್ಟು ಅಗಲದ ಹಲಗೆ, ಪೂರ್ತಿ ಎಳೆದುಕೊಳ್ಳಬಹುದಾದ ದಪ್ಪ ಪರದೆ, ಮಂಚದ ಕೆಳಗೆ ಇಡೀ ಬ್ಯಾಕ್‌ಪ್ಯಾಕ್ ಹಿಡಿಸುವ ಲಾಕರ್. ಬುಕ್ ಮಾಡುವ ಮುನ್ನ ಫೋಟೊಗಳಲ್ಲಿ ನಾನು ಹುಡುಕುವುದು ಇವನ್ನೇ. ಹಾಸ್ಟೆಲ್‌ಗಳು ತಮ್ಮ ತಾರಸಿಯನ್ನೂ ಬಣ್ಣ ಬಳಿದ ಗೋಡೆಯನ್ನೂ ಮೊದಲು ತೋರಿಸುತ್ತವೆ. ನಮಗೆ ಬೇಕಾದದ್ದು ಹತ್ತನೆಯದೋ ಹನ್ನೆರಡನೆಯದೋ ಫೋಟೊದಲ್ಲಿ, ಒಂದು ಮೂಲೆಯಲ್ಲಿ ಇರುತ್ತದೆ. ಹಾಸಿಗೆಯ ಫೋಟೊವೇ ಇಲ್ಲದಿದ್ದರೆ ಅಂಥ ಹಾಸ್ಟೆಲ್ ಅನ್ನು ನಾನು ಅಲ್ಲಿಗೇ ಬಿಟ್ಟುಬಿಡುತ್ತೇನೆ.

ಕೊಠಡಿಯಲ್ಲಿ ಎಷ್ಟು ಹಾಸಿಗೆಗಳಿರಬೇಕು ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ. ನಾಲ್ಕು ಹಾಸಿಗೆಗಳ ಕೊಠಡಿ ಶಾಂತವಾಗಿರುತ್ತದೆ ಎಂದುಕೊಳ್ಳುತ್ತೇವೆ. ಆದರೆ ಉಳಿದ ಮೂರರಲ್ಲೂ ಒಂದೇ ಗೆಳೆಯರ ಗುಂಪು ಬಂದಿಳಿದರೆ ನಾವು ಅವರ ಕೋಣೆಯಲ್ಲಿ ಅತಿಥಿಗಳಂತಾಗುತ್ತೇವೆ. ಹನ್ನೆರಡು ಹಾಸಿಗೆಗಳದ್ದಾದರೆ ರಾತ್ರಿಯಿಡೀ ಯಾರೋ ಒಬ್ಬರು ಬರುತ್ತಲೋ ಹೋಗುತ್ತಲೋ ಇರುತ್ತಾರೆ. ಹೀಗಾಗಿ ನನ್ನ ಒಲವು ಆರರ ಕಡೆಗೆ. ಮಹಿಳೆಯರಿಗೆ ಮಾತ್ರ ಮೀಸಲಾದ ಡಾರ್ಮ್‌ಗಳು ಅನೇಕ ಕಡೆ ಇವೆ, ಆದರೆ ಹುಡುಕುವಾಗ ಮಿಶ್ರ ಡಾರ್ಮ್‌ಗಳ ಜೊತೆ ಬೆರೆತೇ ಬರುವುದರಿಂದ ಹಣ ಕಟ್ಟುವ ಮೊದಲು ಕೊಠಡಿಯ ವಿವರವನ್ನು ಮತ್ತೊಮ್ಮೆ ಓದಿಕೊಳ್ಳಿ.

ರಿವ್ಯೂಗಳ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ಹೊತ್ತು ಕಳೆದರೂ ನಷ್ಟವಿಲ್ಲ. ಒಟ್ಟು ಅಂಕವನ್ನು ನಾನು ಹೆಚ್ಚು ನಂಬುವುದಿಲ್ಲ; ಅದರಲ್ಲಿ ವರ್ಷಗಳ ಹಿಂದಿನ ಹೊಗಳಿಕೆಯೂ ಸೇರಿರುತ್ತದೆ, ಅಷ್ಟರಲ್ಲಿ ಮಾಲೀಕರೂ ಸಿಬ್ಬಂದಿಯೂ ಬದಲಾಗಿರಬಹುದು. ಹೊಸದು ಮೊದಲು ಬರುವಂತೆ ಜೋಡಿಸಿ, ಇತ್ತೀಚಿನ ಎರಡು ಮೂರು ತಿಂಗಳದ್ದನ್ನು ಮಾತ್ರ ಓದಿ. ಅದರಲ್ಲೂ ಪೂರ್ಣ ಅಂಕ ಕೊಟ್ಟವರಿಗಿಂತ, ಕೆಂಡಕಾರಿದವರಿಗಿಂತ, ನಡುವಿನ ಅಂಕ ಕೊಟ್ಟವರ ಮಾತಿನಲ್ಲಿ ಹುರುಳು ಹೆಚ್ಚು. ಒಬ್ಬರು ‘ಬೆಳಗಿನ ಜಾವದವರೆಗೂ ಮಜಾ ಇತ್ತು’ ಎಂದು ಬರೆದದ್ದನ್ನೇ ಇನ್ನೊಬ್ಬರು ದೂರಾಗಿ ಬರೆದಿರುತ್ತಾರೆ. ಇಬ್ಬರೂ ಹೇಳುತ್ತಿರುವುದು ಕೆಳಗಿನ ಬಾರ್‌ನ ಬಗ್ಗೆಯೇ. ನೀವು ಹೋಗುತ್ತಿರುವುದು ಜನರ ಜೊತೆ ಬೆರೆಯಲೋ ಮರುದಿನ ಮುಂಜಾನೆಯ ರೈಲು ಹಿಡಿಯಲೋ ಎಂಬುದರ ಮೇಲೆ ಆ ವಾಕ್ಯದ ಬೆಲೆ ನಿಂತಿದೆ. ಇನ್ನೊಂದು ಸೂಚನೆಯನ್ನು ಹಲವರು ಗಮನಿಸುವುದಿಲ್ಲ: ತಿಂಗಳುಗಟ್ಟಲೆ ಅಲ್ಲೇ ವಾಸಿಸುತ್ತ ಊರಿನಲ್ಲಿ ಕೆಲಸಕ್ಕೆ ಹೋಗುವವರು ಹೆಚ್ಚಾಗಿದ್ದರೆ, ಅಡುಗೆಮನೆಯೂ ಫ್ರಿಜ್ಜೂ ಅವರದ್ದಾಗಿರುತ್ತವೆ, ಪ್ರಯಾಣಿಕರು ಹೊರಗಿನವರಾಗುತ್ತಾರೆ.

ನಿಯಮಗಳನ್ನೂ ಓದಬೇಕು. ಯುವಕರಿಗಾಗಿ ಹಾಸ್ಟೆಲ್ ಎಂಬ ಯೋಚನೆ 1909ರಲ್ಲಿ ರಿಚರ್ಡ್ ಶಿರ್ಮಾನ್ ಎಂಬ ಜರ್ಮನ್ ಶಾಲಾ ಶಿಕ್ಷಕರಿಗೆ ಹೊಳೆದದ್ದು, ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಾಗ. ಆಲ್ಟೆನಾ ಎಂಬ ಊರಿನ ಕೋಟೆಯಲ್ಲಿ ಅವರು ಆರಂಭಿಸಿದ ಹಾಸ್ಟೆಲ್ ಇಂದಿಗೂ ಪ್ರಸಿದ್ಧ. ಆ ಪರಂಪರೆಯ ಹಾಸ್ಟೆಲ್‌ಗಳಲ್ಲಿ ಹಗಲು ಬಾಗಿಲು ಮುಚ್ಚುವುದು, ರಾತ್ರಿ ಇಂತಿಷ್ಟು ಗಂಟೆಯೊಳಗೆ ಮರಳುವುದು, ಅತಿಥಿಗಳೇ ಕಸ ಗುಡಿಸಿ ಪಾತ್ರೆ ತೊಳೆಯುವುದು ವಾಡಿಕೆಯಾಗಿತ್ತು. ಇಂದು ಇವು ಅಪರೂಪವಾದರೂ ಪೂರ್ತಿ ಅಳಿದಿಲ್ಲ. ಯೂತ್ ಹಾಸ್ಟೆಲ್ ಸಂಘಗಳು ನಡೆಸುವ ಕಡೆ ಸದಸ್ಯತ್ವ ಕೇಳಬಹುದು. ಕೆಲವು ಖಾಸಗಿ ಹಾಸ್ಟೆಲ್‌ಗಳು ಡಾರ್ಮ್‌ಗೆ ವಯಸ್ಸಿನ ಮಿತಿ ಇಟ್ಟಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ರಿಸೆಪ್ಷನ್ ದಿನದ 24 ಗಂಟೆಯೂ ತೆರೆದಿರುತ್ತದೆಯೇ ಎಂದು ತಿಳಿದುಕೊಳ್ಳಿ. ನಿಮ್ಮ ವಿಮಾನ ನಡುರಾತ್ರಿ ಇಳಿಯುವುದಾದರೆ ಬಾಗಿಲಿನ ಸಂಕೇತ ಸಂಖ್ಯೆಯನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ದರದ ವಿಚಾರದಲ್ಲಿ ತೆರೆಯ ಮೇಲಿನ ಅಂಕಿಯೇ ಕೊನೆಯದಲ್ಲ. ಟವೆಲ್‌ಗೆ ಬಾಡಿಗೆ, ಕೆಲವೆಡೆ ಹೊದಿಕೆಗೂ ಬಾಡಿಗೆ, ಕೀಲಿಗೆ ಠೇವಣಿ, ಯುರೋಪಿನ ಅನೇಕ ನಗರಗಳಲ್ಲಿ ತಲೆಗಿಷ್ಟು, ರಾತ್ರಿಗಿಷ್ಟು ಎಂದು ಕೌಂಟರ್‌ನಲ್ಲೇ ಪಡೆಯುವ ಪ್ರವಾಸಿ ತೆರಿಗೆ, ಇವೆಲ್ಲ ಸೇರಿ ಅಗ್ಗದ ಹಾಸಿಗೆ ಪಕ್ಕದ ಬೀದಿಯದಕ್ಕೆ ಸಮನಾಗಿಬಿಡುತ್ತದೆ. ಊರಾಚೆಯ ಹಾಸ್ಟೆಲ್ ಆದರೆ ದಿನದ ಬಸ್ ಖರ್ಚನ್ನೂ ಕೊನೆಯ ರೈಲಿನ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾರ್ಡ್ ಯಂತ್ರವು ನಿಮ್ಮ ದೇಶದ ಹಣದಲ್ಲಿ ಪಾವತಿಸುವಿರಾ ಎಂದು ಕೇಳಿದರೆ ಬೇಡವೆನ್ನಿ, ಸ್ಥಳೀಯ ಹಣವನ್ನೇ ಆರಿಸಿ. ಆ ಅನುಕೂಲಕ್ಕೆ ಯಂತ್ರ ಹಾಕುವ ವಿನಿಮಯ ದರ ಸಾಮಾನ್ಯವಾಗಿ ನಮಗೆ ದುಬಾರಿ. ಲಾಕರ್‌ಗೆ ಹಾಕುವ ಬೀಗವನ್ನಂತೂ ಮನೆಯಿಂದಲೇ ಒಯ್ಯಿರಿ.

ಹಾಸಿಗೆಯ ಸುತ್ತಲಿನ ಪರದೆಯೂ ಸಾಲದು ಎನ್ನುವವರಿಗೆ ಕ್ಯಾಪ್ಸೂಲ್ ಮಾದರಿಯ, ಅಂದರೆ ಒಬ್ಬರು ಮಲಗುವಷ್ಟೇ ಜಾಗದ ಪೆಟ್ಟಿಗೆಯಂಥ ಹಾಸಿಗೆಗಳಿವೆ. 1979ರಲ್ಲಿ ಜಪಾನಿನ ಒಸಾಕಾದಲ್ಲಿ ವಾಸ್ತುಶಿಲ್ಪಿ ಕಿಶೋ ಕುರೊಕಾವಾ ವಿನ್ಯಾಸಗೊಳಿಸಿದ ಹೋಟೆಲ್‌ನಿಂದ ಶುರುವಾದ ಈ ಪದ್ಧತಿಯನ್ನು ಈಗ ಬೇರೆ ದೇಶಗಳ ಹಾಸ್ಟೆಲ್‌ಗಳೂ ಅಳವಡಿಸಿಕೊಂಡಿವೆ. ಏಕಾಂತ ಚೆನ್ನಾಗಿ ಸಿಗುತ್ತದೆ, ಆದರೆ ದೊಡ್ಡ ಬ್ಯಾಕ್‌ಪ್ಯಾಕ್ ಒಳಗೆ ಹಿಡಿಸುವುದಿಲ್ಲ.

ಕೊಠಡಿಗೆ ಕಾಲಿಟ್ಟ ಕೂಡಲೇ ಚೀಲವನ್ನು ಹಾಸಿಗೆಯ ಮೇಲೆ ಎಸೆಯಬೇಡಿ. ಮೊದಲು ಹೊದಿಕೆಯ ಮೂಲೆ ಎತ್ತಿ, ಫೋನಿನ ಬೆಳಕು ಹಾಯಿಸಿ, ಹಾಸಿಗೆಯ ಹೊಲಿಗೆಗಳನ್ನು ನೋಡಿ. ಶಾಯಿ ಚಿಮುಕಿಸಿದಂಥ ಕಪ್ಪು ಚುಕ್ಕೆಗಳಿದ್ದರೆ ತಿಗಣೆಯ ಸುಳಿವು. ಆಗ ಪಕ್ಕದ ಹಾಸಿಗೆಯನ್ನಲ್ಲ, ಬೇರೆ ಕೊಠಡಿಯನ್ನೇ ಕೇಳಬೇಕು.

ಇದೇ ಕಾರಣಕ್ಕೆ ಹೊಸ ಊರಿನಲ್ಲಿ ನಾನು ಇಡೀ ವಾರಕ್ಕೆ ಬುಕ್ ಮಾಡುವುದಿಲ್ಲ. ಮೊದಲ ಎರಡು ರಾತ್ರಿಗಳಿಗೆ ಮಾತ್ರ ಹಣ ಕಟ್ಟಿ, ಹಿಡಿಸಿದರೆ ಮುಂದುವರಿಸುತ್ತೇನೆ, ಹಿಡಿಸದಿದ್ದರೆ ಹಗಲಿನಲ್ಲೇ ನಾಲ್ಕು ಹೆಜ್ಜೆ ನಡೆದು ಇನ್ನೊಂದನ್ನು ಕಣ್ಣಾರೆ ನೋಡಿ ಬರುತ್ತೇನೆ. ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್‌ನಂಥ ಉತ್ಸವದ ದಿನಗಳಿಗೆ ಮಾತ್ರ ಈ ಜಾಣತನ ನಡೆಯದು. ಆಗ ತಿಂಗಳುಗಳ ಮುಂಚೆಯೇ, ಎಲ್ಲ ರಾತ್ರಿಗಳಿಗೂ ಸೇರಿಸಿ, ರದ್ದು ಮಾಡಲು ಅವಕಾಶವಿರುವ ದರದಲ್ಲಿ ಹಾಸಿಗೆ ಕಾಯ್ದಿರಿಸಿಕೊಳ್ಳಿ.