ಅರ್ಧ ದೇಶ ಒಟ್ಟಿಗೆ ಟೀಗೆ ನೀರಿಟ್ಟರೆ? ಬ್ರಿಟಿಷರ ಕೆಟಲ್ ಜೊತೆ ಇಂಗ್ಲಿಷ್

ನಮಸ್ಕಾರ! ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನಮ್ಮ ವೀಕ್ಷಕರೊಬ್ಬರು ಕೇಳಿದ್ದಾರೆ: "ಇಲ್ಲಿ ಯಾರಿಗೆ ಏನೇ ಕೆಟ್ಟ ಸುದ್ದಿ ಬರಲಿ, ಪಕ್ಕದಲ್ಲಿದ್ದವರು 'ಐ ವಿಲ್ ಪುಟ್ ದ ಕೆಟಲ್ ಆನ್', ಅಂದರೆ 'ಟೀಗೆ ನೀರಿಡ್ತೀನಿ' ಅಂತ ಎದ್ದು ಹೋಗುತ್ತಾರೆ. ಎಷ್ಟೋ ಸಲ ಆ ಟೀ ಹಾಗೇ ಆರಿಹೋಗುತ್ತದೆ. ಮತ್ತೆ ಯಾಕೆ ಮಾಡುತ್ತಾರೆ?"

ಯಾಕಂದರೆ ಟೀ ಅಲ್ಲಿ ಬರೀ ನೆಪ. "ಕೂತ್ಕೋ, ನಾನಿದ್ದೀನಿ" ಅನ್ನುವುದೇ ನಿಜವಾದ ಮಾತು. ನಮ್ಮ ಮನೆಗಳಲ್ಲಿ "ಇರಿ, ಕಾಫಿಗೆ ಇಡ್ತೀನಿ" ಅಂತಾರಲ್ವಾ, ಹಾಗೆ.

ಎರಡನೇ ಮಹಾಯುದ್ಧದಲ್ಲಿ, 1940ರಲ್ಲಿ, ಬ್ರಿಟನ್‌ನಲ್ಲಿ ಟೀಪುಡಿಗೂ ರೇಷನ್ ಬಂತು. ಒಬ್ಬರಿಗೆ ವಾರಕ್ಕೆ 2 ಔನ್ಸ್, ಅಂದರೆ ಸುಮಾರು 57 ಗ್ರಾಂ. ಈ ರೇಷನ್ ಮುಗಿದದ್ದು 1952ರಲ್ಲಿ! ಅಂಥ ಕಾಲದಲ್ಲೂ, ಬಾಂಬ್ ಬಿದ್ದ ಬೀದಿಗಳಿಗೆ ಮೊಬೈಲ್ ಕ್ಯಾಂಟೀನುಗಳು ಟೀ ಹೊತ್ತುಕೊಂಡು ಹೋಗುತ್ತಿದ್ದವು. ಕಷ್ಟ ಬಂದಾಗ ಮೊದಲು ಒಂದು ಕಪ್ ಟೀ ಅನ್ನುವುದು ಅವರಲ್ಲಿ ಇಷ್ಟು ಆಳವಾಗಿದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ.

[ಪರದೆಯಲ್ಲಿ: 4 ಜುಲೈ 1990]

ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್. ಇಂಗ್ಲೆಂಡ್, ಪಶ್ಚಿಮ ಜರ್ಮನಿ. ಆಟ ಪೆನಾಲ್ಟಿವರೆಗೆ ಹೋಯಿತು, ಇಂಗ್ಲೆಂಡ್ ಸೋತಿತು. ಅಲ್ಲಿವರೆಗೆ ಟಿವಿ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದ ಜನ ಒಟ್ಟಿಗೆ ಎದ್ದರು. ಲೈಟ್ ಹಾಕಿದರು, ನೀರು ಕಾಯಿಸುವ ಕರೆಂಟ್ ಕೆಟಲ್ ಆನ್ ಮಾಡಿದರು. ಕರೆಂಟಿನ ಬೇಡಿಕೆ ಒಮ್ಮೆಲೇ ಸುಮಾರು 2,800 ಮೆಗಾವಾಟ್ ಏರಿತು! ಒಂದು ಕೆಟಲ್‌ಗೆ 3 ಕಿಲೋವಾಟ್ ಅಂತ ಹಿಡಿದರೆ, ಇದು 9 ಲಕ್ಷಕ್ಕೂ ಜಾಸ್ತಿ ಕೆಟಲ್‌ಗಳ ಲೆಕ್ಕ.

ವಿದ್ಯುತ್ ಇಲಾಖೆಯವರು ಇದನ್ನು 'ಟಿವಿ ಪಿಕಪ್' ಅಂತ ಕರೆಯುತ್ತಾರೆ. ಇಂಥ ಹೊತ್ತಿಗೆ ನೆರವಾಗುವುದು ವೇಲ್ಸ್‌ನ ಡಿನೋರ್ವಿಗ್ ಕೇಂದ್ರ. 1984ರಲ್ಲಿ ಶುರುವಾಯಿತು, ಇರುವುದು ಬೆಟ್ಟದ ಹೊಟ್ಟೆಯೊಳಗೆ. ಬೇಡಿಕೆ ಕಡಿಮೆ ಇರುವಾಗ ನೀರನ್ನು ಮೇಲಿನ ಕೆರೆಗೆ ಪಂಪ್ ಮಾಡಿ ಇಡುತ್ತಾರೆ, ಬೇಕಾದಾಗ ಕೆಳಗೆ ಬಿಡುತ್ತಾರೆ. ಟರ್ಬೈನುಗಳು ಮೊದಲೇ ತಿರುಗುತ್ತಿದ್ದರೆ, 1,320 ಮೆಗಾವಾಟ್ ಬರಲು ಸುಮಾರು 12 ಸೆಕೆಂಡ್ ಸಾಕು. ಟಿವಿಯಲ್ಲಿ ಯಾವ ಕಾರ್ಯಕ್ರಮ ಯಾವಾಗ ಮುಗಿಯುತ್ತದೆ ಅಂತ ಗ್ರಿಡ್ ನಡೆಸುವವರು ಮೊದಲೇ ನೋಡಿಕೊಳ್ಳಬೇಕು. ಅಡುಗೆಮನೆಯ ಒಂದು ಅಭ್ಯಾಸಕ್ಕಾಗಿ ಇಷ್ಟು ತಯಾರಿ! ನನಗಂತೂ ಎಷ್ಟು ಸಲ ಓದಿದರೂ ಖುಷಿ ಆಗುತ್ತದೆ.

ಸರಿ, ಇನ್ನು ಮಾತಿಗೆ ಬರೋಣ. ಉತ್ತರ ಇಂಗ್ಲೆಂಡಿನಲ್ಲಿ ಟೀಗೆ 'ಬ್ರೂ' ಅಂತಾರೆ. "ಫ್ಯಾನ್ಸಿ ಎ ಬ್ರೂ?" ಅಂದರೆ "ಟೀ ಕುಡೀತೀಯಾ?" ಆಫೀಸಿನಲ್ಲಿ ಕೇಳಿದರೆ "ಲವ್ಲಿ, ಥ್ಯಾಂಕ್ಸ್. ಮಿಲ್ಕ್, ನೋ ಶುಗರ್" ಅನ್ನಿ. ಇನ್ನೊಂದು ದಿನ ನೀವೇ ಎದ್ದು ಎಲ್ಲರಿಗೂ ಮಾಡಿಕೊಡಿ. ಇದನ್ನು ಮರೆಯಬೇಡಿ, ಸ್ನೇಹ ಬೆಳೆಯುವುದೇ ಅಲ್ಲಿ. ಸ್ಟ್ರಾಂಗ್ ಟೀಗೆ 'ಬಿಲ್ಡರ್ಸ್ ಟೀ' ಅಂತ ಹೆಸರು. ಟೀಪಾಟ್ ಎತ್ತಿಕೊಂಡು "ಶಲ್ ಐ ಬಿ ಮದರ್?" ಅಂದರೆ "ನಾನು ಬಡಿಸಲಾ?" ಅಂತ. ಗಂಡಸರೂ ಹೀಗೇ ಕೇಳುತ್ತಾರೆ.

ಒಂದು ಕಡೆ ಮಾತ್ರ ಹುಷಾರು. ಲೀಡ್ಸ್, ಮ್ಯಾಂಚೆಸ್ಟರ್ ಕಡೆ "ಕಮ್ ರೌಂಡ್ ಫಾರ್ ಯುವರ್ ಟೀ" ಅಂತ ಕರೆದರೆ, ಅದು ಸಂಜೆಯ ಊಟ. ಹೊಟ್ಟೆತುಂಬ ತಿಂದು ಹೋಗಬೇಡಿ! ಅಲ್ಲಿ ಬಹಳ ಜನರಿಗೆ 'ಡಿನ್ನರ್' ಅಂದರೆ ಮಧ್ಯಾಹ್ನದ ಊಟ.

ಟೈಮ್ ಆಗುತ್ತಿದೆ, ಉಳಿದದ್ದು ಬೇಗ ಬೇಗ. "ನಾಟ್ ಮೈ ಕಪ್ ಆಫ್ ಟೀ": ನನಗೆ ಅಷ್ಟು ಹಿಡಿಸಲ್ಲ. "ಚೀಪ್ ಆ್ಯಸ್ ಚಿಪ್ಸ್": ತುಂಬಾ ಅಗ್ಗ. ಚಿಪ್ಸ್ ಅಂದರೆ ಮೀನಿನ ಜೊತೆ ಕೊಡುವ ದಪ್ಪ ಆಲೂಗಡ್ಡೆ ತುಂಡು, ಪ್ಯಾಕೆಟ್ಟಿನದು ಅಲ್ಲಿ 'ಕ್ರಿಸ್ಪ್ಸ್'. "ವಾಟ್ಸ್ ಫಾರ್ ಪುಡ್ಡಿಂಗ್?" ಅಂದರೆ ಊಟದ ಮೇಲೆ ಸಿಹಿ ಏನಿದೆ ಅಂತ. ಆದರೆ ಯಾರ್ಕ್‌ಶೈರ್ ಪುಡ್ಡಿಂಗ್ ಸಿಹಿಯಲ್ಲ, ರೋಸ್ಟ್ ಮಾಂಸ, ಗ್ರೇವಿ ಜೊತೆ ಬರುತ್ತದೆ. ಬೆಳಗಿನ ತಿಂಡಿಯ ಬ್ಲ್ಯಾಕ್ ಪುಡ್ಡಿಂಗ್ ಅಂತೂ ಹಂದಿಯ ರಕ್ತದಿಂದ ಮಾಡಿದ ಸಾಸೇಜ್. ಸಸ್ಯಾಹಾರಿಗಳು ಹೋಟೆಲಿನಲ್ಲಿ 'ಫುಲ್ ಇಂಗ್ಲಿಷ್' ಅನ್ನಬೇಡಿ, 'ವೆಜಿಟೇರಿಯನ್ ಬ್ರೇಕ್‌ಫಾಸ್ಟ್' ಅಂತ ಬಿಡಿಸಿ ಹೇಳಿ.